ಮೇಲ್ ಟೆಸ್ಟರ್: ನಮ್ಮ ಪಿಂಚಣಿ ಪತ್ರಕ್ಕೆ ಹತ್ತರಲ್ಲಿ ಎಷ್ಟು?

ಮೇಲ್ ಟೆಸ್ಟರ್ ಒಂದು ವೆಬ್‌ಸೈಟ್. ನೀವು ಕಳಿಸುವ ಇಮೇಲ್ ಸ್ಪ್ಯಾಮ್‌ನ, ಅಂದರೆ ಬೇಡದ ಅಥವಾ ಮೋಸದ ಮೇಲ್‌ನ, ಹಾಗೆ ಕಾಣುತ್ತದೆಯೋ ಇಲ್ಲವೋ ಎಂದು ನೋಡಿ 10ರಲ್ಲಿ ಇಷ್ಟು ಎಂದು ಅಂಕ ಹಾಕುತ್ತದೆ. ಸಾಮಾನ್ಯ ಬಳಕೆಗೆ ದುಡ್ಡಿಲ್ಲ. ದಿನಕ್ಕೆ ಇಷ್ಟೇ ಸಲ ಎಂಬ ಮಿತಿ ಮಾತ್ರ ಉಂಟು. ಇದರ ಬಗ್ಗೆ ಬರೆಯುವವರು ಹೆಚ್ಚಾಗಿ ಮಾರ್ಕೆಟಿಂಗ್‌ನವರು. ನಾನು ಆ ಪೈಕಿ ಅಲ್ಲ. ಉಡುಪಿಯ ಕುಂಜಿಬೆಟ್ಟಿನಲ್ಲಿರುವ ನಿವೃತ್ತ ಬ್ಯಾಂಕ್ ಆಫೀಸರ್. ನಮ್ಮ ಜೊತೆ ಕೆಲಸ ಮಾಡಿ ನಿವೃತ್ತರಾದವರ ಸಂಘದ ಸದಸ್ಯರಿಗೆ ತಿಂಗಳಿಗೊಂದು ಪತ್ರ ತಯಾರಿಸಿ ಇಮೇಲ್‌ನಲ್ಲಿ ಕಳಿಸುತ್ತೇನೆ. ಆ ಪತ್ರ ಸ್ಪ್ಯಾಮ್‌ಗೆ ಬೀಳಲು ಶುರುವಾದ ಮೇಲೆ ಈ ಸೈಟ್ ಹಿಡಿದೆ.

ಪತ್ರದಲ್ಲಿ ಏನಿರುತ್ತದೆ ಎಂದು ಮೊದಲು ಹೇಳಬೇಕು. ಸಮಸ್ಯೆಯ ಅರ್ಧ ಅಲ್ಲೇ ಉಂಟು. ಫೆಬ್ರವರಿ ಮತ್ತು ಆಗಸ್ಟ್‌ನಲ್ಲಿ ಡಿಎ (ತುಟ್ಟಿಭತ್ಯೆ) ಎಷ್ಟು ಏರಿತು ಅಥವಾ ಇಳಿಯಿತು. ನವೆಂಬರ್ ಬಂತು, ಬದುಕಿದ್ದೇವೆ ಎಂಬ ಲೈಫ್ ಸರ್ಟಿಫಿಕೇಟ್ ಕೊಡಿ. ಬ್ಯಾಂಕಿಗೆ ಹೋಗಲು ಆಗದವರು ಮನೆಯಲ್ಲೇ ಜೀವನ್ ಪ್ರಮಾಣ್ ಎಂಬ ಡಿಜಿಟಲ್ ಸರ್ಟಿಫಿಕೇಟ್ ಮೂಲಕ ಮಾಡಿ, 2014ರಿಂದ ಆ ವ್ಯವಸ್ಥೆ ಇದೆ. ಆರೋಗ್ಯ ವಿಮೆಯ ಕಂತು, ನಾಮಿನಿ, ಕೆವೈಸಿ. ತೀರಿಕೊಂಡವರ ಸುದ್ದಿ. ಈಗ ಈ ಪದಗಳನ್ನು ಒಟ್ಟಿಗೆ ಓದಿ ನೋಡಿ: ಪಿಂಚಣಿ, ಖಾತೆ, ಕೆವೈಸಿ, ಕೊನೆಯ ದಿನಾಂಕ, ತಕ್ಷಣ ಗಮನಿಸಿ. ಮೋಸಗಾರರು ಕಳಿಸುವ ಮೇಲ್ ಕೂಡ ಹೀಗೇ ಇರುತ್ತದೆ ಅಲ್ವಾ? ಅವರು ಬರೆಯುವುದೂ ನಮ್ಮಂಥ ವಯಸ್ಸಾದವರಿಗೇ. ಕಳಿಸಿದ್ದು ಕಳ್ಳನೋ ಕುಂಜಿಬೆಟ್ಟಿನ ಅಜ್ಜಿಯೋ ಎಂದು ಸ್ಪ್ಯಾಮ್ ಹಿಡಿಯುವ ಫಿಲ್ಟರ್‌ಗೆ ಮುಖ ನೋಡಿ ತಿಳಿಯಲಿಕ್ಕೆ ಆಗುವುದಿಲ್ಲ, ಪಾಪ.

ಬಳಸುವುದು ಸುಲಭ. ಸೈಟ್ ತೆರೆದ ಕೂಡಲೇ ಅಂಕಿ ಅಕ್ಷರ ಸೇರಿದ ಒಂದು ಉದ್ದದ ವಿಳಾಸ ತೋರಿಸುತ್ತದೆ. ಪ್ರತಿ ಸಲ ಬೇರೆ ವಿಳಾಸ. ಸದಸ್ಯರಿಗೆ ಹೇಗೆ ಕಳಿಸುತ್ತೀರೋ ಹಾಗೆಯೇ, ಅದೇ ಸರ್ವರ್‌ನಿಂದ (ಮೇಲ್ ಕಳಿಸುವ ಕಂಪ್ಯೂಟರ್), ಅದೇ ಪತ್ರವನ್ನು ಆ ವಿಳಾಸಕ್ಕೆ ಕಳಿಸಬೇಕು. ಆಮೇಲೆ ಬಟನ್ ಒತ್ತಿದರೆ ಅಂಕ ಬರುತ್ತದೆ. ಕೆಳಗೆ ಒಂದೊಂದೇ ಸಾಲು ಬಿಡಿಸಿ ನೋಡಬಹುದು. ಒಂದು ಎಚ್ಚರಿಕೆ: ಫಲಿತಾಂಶದ ಪುಟದಲ್ಲಿ ನಿಮ್ಮ ಪತ್ರ ಪೂರ್ತಿ ಕಾಣುತ್ತದೆ. ಆ ಪುಟದ ಲಿಂಕ್ ಯಾರಿಗೆ ಸಿಕ್ಕರೂ ಅವರಿಗೂ ಕಾಣುತ್ತದೆ. ಸದಸ್ಯರ ಪಿಂಚಣಿ ನಂಬರ್, ಫೋನ್ ನಂಬರ್ ಇರುವ ಪತ್ರವನ್ನು ಹಾಗೇ ಕಳಿಸಬೇಡಿ, ಅದನ್ನು ತೆಗೆದು ಕಳಿಸಿ.

ನಮಗೆ ಮೊದಲು ಬಂದದ್ದು ಹತ್ತರಲ್ಲಿ ಆರರ ಹತ್ತಿರ. ಪಾಸ್ ಆದೆ ಎಂದು ಸಮಾಧಾನ ಮಾಡಿಕೊಳ್ಳುವ ಅಂಕ ಇದಲ್ಲ. ಕೆಂಪು ಗುರುತು ಬಿದ್ದದ್ದು ಎಸ್‌ಪಿಎಫ್ ಎಂಬ ಸಾಲಿಗೆ.

ಇದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ನಿಮ್ಮ ಡೊಮೈನ್ (ಇಮೇಲ್ ವಿಳಾಸದಲ್ಲಿ @ ಆದ ಮೇಲೆ ಬರುವ ಹೆಸರು) ಹೆಸರಿನಲ್ಲಿ ಯಾವ ಯಾವ ಸರ್ವರ್ ಮೇಲ್ ಕಳಿಸಬಹುದು ಎಂಬ ಪಟ್ಟಿಯೇ ಎಸ್‌ಪಿಎಫ್. ಡಿಕಿಮ್ ಎಂದರೆ ಪ್ರತಿ ಮೇಲ್‌ಗೆ ಹಾಕುವ ಡಿಜಿಟಲ್ ಸಹಿ. ದಾರಿಯಲ್ಲಿ ಯಾರಾದರೂ ತಿದ್ದಿದರೆ ಸಹಿ ತಾಳೆಯಾಗುವುದಿಲ್ಲ. ಡಿಮಾರ್ಕ್ ಎಂದರೆ, ಇವೆರಡೂ ತಾಳೆಯಾಗದಿದ್ದರೆ ಆ ಮೇಲನ್ನು ಏನು ಮಾಡಬೇಕು ಎಂದು ಡೊಮೈನ್ ಮಾಲೀಕರು ಕೊಡುವ ಸೂಚನೆ: ಸುಮ್ನೆ ಬಿಡಿ, ಸ್ಪ್ಯಾಮ್‌ಗೆ ಹಾಕಿ, ಇಲ್ಲವೇ ಒಳಗೇ ಬಿಡಬೇಡಿ. ಈ ಮೂರಕ್ಕೂ ಬೇಕಾದ ಸಾಲುಗಳನ್ನು ಡಿಎನ್‌ಎಸ್‌ನಲ್ಲಿ, ಅಂದರೆ ಡೊಮೈನ್‌ನ ವಿವರ ಇಡುವ ಸಾರ್ವಜನಿಕ ದಾಖಲೆಯಲ್ಲಿ, ಬರೆಯುತ್ತಾರೆ. ಹೊರಗಿನಿಂದ ಯಾರು ಬೇಕಾದರೂ ಓದಬಹುದು.

ನಮ್ಮ ಡೊಮೈನ್ ನೋಡಿಕೊಳ್ಳುವುದು ಮಂಗಳೂರಿನ ಒಂದು ವೆಬ್‌ಸೈಟ್ ಕಂಪೆನಿ. ಹೆಸರು ಬೇಡ. ಮೊದಲಿಂದ ವೆಬ್‌ಸೈಟಿನ ಸರ್ವರ್‌ಗೆ ಒಂದು ಎಸ್‌ಪಿಎಫ್ ಸಾಲು ಇತ್ತು. ಪತ್ರ ಕಳಿಸುವ ಸೇವೆ ತೆಗೆದುಕೊಂಡಾಗ ಅದರ ಸರ್ವರ್‌ಗಳನ್ನೂ ಸೇರಿಸಬೇಕಿತ್ತು. ಅವರು ಹಳೆಯ ಸಾಲಿಗೆ ಸೇರಿಸುವ ಬದಲು ಕೆಳಗೆ ಇನ್ನೊಂದು ಸಾಲು ಬರೆದುಬಿಟ್ಟರು. ನಿಯಮದ ಪ್ರಕಾರ ಒಂದು ಡೊಮೈನ್‌ಗೆ ಒಂದೇ ಎಸ್‌ಪಿಎಫ್ ಸಾಲು. ಎರಡಿದ್ದರೆ ಯಾವುದನ್ನು ನಂಬುವುದು? ಎರಡನ್ನೂ ನಂಬುವುದಿಲ್ಲ. ಅಂದರೆ ನಮ್ಮ ಪತ್ರ ನಮ್ಮದೇ ಎಂದು ಹೇಳಲು ಪಟ್ಟಿಯೇ ಇಲ್ಲದ ಹಾಗಾಯಿತು.

ಮೊದಲು ಫೋನ್ ಮಾಡಿದಾಗ ಅಲ್ಲಿದ್ದ ಹುಡುಗ, "ನಮ್ಮ ಸೈಡಿಂದ ಎಲ್ಲ ಸರಿ ಉಂಟು ಮೇಡಂ, ನಿಮ್ಮ ಕಂಟೆಂಟ್ ಪ್ರಾಬ್ಲಂ" ಎಂದ. ಮೇಲ್ ಟೆಸ್ಟರ್‌ನ ಪುಟದಲ್ಲಿ ಎರಡೂ ಸಾಲು ಒಂದರ ಕೆಳಗೊಂದು ಅಚ್ಚುಕಟ್ಟಾಗಿ ಕಾಣುತ್ತಿದ್ದವು. ಪ್ರಿಂಟ್ ತೆಗೆದು, ಆ ಎರಡು ಸಾಲಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಫೋಟೋ ತೆಗೆದು ಕಳಿಸಿದೆ. ಬ್ರಾಂಚ್ ಇನ್‌ಸ್ಪೆಕ್ಷನ್ ಮಾಡಿದವಳಿಗೆ ಇದು ಹೊಸತಲ್ಲ. ಸಂಜೆಯೊಳಗೆ ಎರಡೂ ಸೇರಿ ಒಂದು ಸಾಲಾಯಿತು. ಡಿಎನ್‌ಎಸ್ ಬದಲಾವಣೆ ಎಲ್ಲ ಕಡೆ ತಲುಪಲು ಸ್ವಲ್ಪ ಹೊತ್ತು ಬೇಕು, ಹಾಗಾಗಿ ಮರುದಿನ ಪರೀಕ್ಷೆ ಮಾಡಿದೆ. ಅಂಕ ಎಂಟರ ಮೇಲೆ ಹೋಯಿತು.

ಈ ಸೈಟಿಗೆ ನಾನು ಋಣಿಯಾಗಿರುವುದು ಈ ಒಂದು ಕಾರಣಕ್ಕೆ. ತಾಂತ್ರಿಕ ವಿಷಯ ಗೊತ್ತಿಲ್ಲದ ನನ್ನ ಕೈಗೆ ಕಾಗದ ಕೊಟ್ಟಿತು. ಅದಿಲ್ಲದಿದ್ದರೆ "ಕಂಟೆಂಟ್ ಪ್ರಾಬ್ಲಂ" ಎಂದು ಇವತ್ತಿಗೂ ಕೇಳುತ್ತಾ ಇರಬೇಕಿತ್ತು.

ಇನ್ನು ಸ್ಪ್ಯಾಮ್‌ಅಸ್ಯಾಸಿನ್ ವಿಭಾಗ. ಇದು ತುಂಬಾ ಮೇಲ್ ಸರ್ವರ್‌ಗಳಲ್ಲಿ ಬಳಸುವ ಉಚಿತ ಸಾಫ್ಟ್‌ವೇರ್. ಪತ್ರವನ್ನು ಒಂದೊಂದು ನಿಯಮಕ್ಕೆ ಹಿಡಿದು ಅಂಕ ಕೂಡಿಸುತ್ತದೆ, ಮಾಮೂಲಿನಂತೆ 5 ದಾಟಿದರೆ ಸ್ಪ್ಯಾಮ್. ಮೇಲ್ ಟೆಸ್ಟರ್ ಅದನ್ನು ತಲೆಕೆಳಗು ಮಾಡಿ ಮೈನಸ್‌ನಲ್ಲಿ ತೋರಿಸುತ್ತದೆ, ಮೊದಲು ಗಲಿಬಿಲಿಯಾಗುತ್ತದೆ. ಡಿಕಿಮ್ ಸಹಿ ಇದೆ ಎಂದು 0.1 ಕಳೆಯುತ್ತದೆ. ಸಹಿ ಸರಿಯಾಗಿದೆ ಎಂದು ಕೆಳಗಿನ ಸಾಲಿನಲ್ಲಿ ಅದೇ 0.1 ಕೊಡುತ್ತದೆ. ನಮ್ಮ ಕಾಂಟ್ರಾ ಎಂಟ್ರಿ ಇದ್ದ ಹಾಗೆ, ಬಂದದ್ದೂ ಇಲ್ಲ ಹೋದದ್ದೂ ಇಲ್ಲ. ಹೊಸಬರು ಆ ಮೈನಸ್ ನೋಡಿ ಹೆದರಬೇಡಿ.

ಕನ್ನಡದಲ್ಲಿ ಪತ್ರ ಕಳಿಸುವವರಿಗೆ ಎರಡು ವಿಷಯ ಮುಖ್ಯ. ಒಂದು ಚಿತ್ರ. ನಮ್ಮ ಸಂಘದ ಹಿರಿಯರು ಹಿಂದಿನಿಂದ 'ನುಡಿ' ಎಂಬ ಕನ್ನಡ ಸಾಫ್ಟ್‌ವೇರ್‌ನಲ್ಲಿ ಹಳೆಯ ಫಾಂಟ್ ಬಳಸಿ ಟೈಪ್ ಮಾಡುತ್ತಿದ್ದರು. ಅದು ಯೂನಿಕೋಡ್ (ಎಲ್ಲ ಕಂಪ್ಯೂಟರ್, ಫೋನ್‌ಗಳಿಗೂ ತಿಳಿಯುವ ಅಕ್ಷರ ಸಂಕೇತ) ಅಲ್ಲ, ಮೇಲ್‌ನಲ್ಲಿ ಅಂಟಿಸಿದರೆ ಅಕ್ಷರ ಹೋಗಿ ಚಿತ್ರವಿಚಿತ್ರ ಗುರುತು ಬರುತ್ತದೆ. ಹಾಗಾಗಿ ಇಡೀ ಪತ್ರವನ್ನು ಜೆಪೆಗ್ ಚಿತ್ರ ಮಾಡಿ ಕಳಿಸುವ ಅಭ್ಯಾಸ ಇತ್ತು. ಈಗಲೂ ಎಷ್ಟೋ ಸಂಘಗಳು ಹಾಗೇ ಮಾಡುತ್ತವೆ. ಚಿತ್ರ ಮಾತ್ರ ಇದ್ದು ಪಠ್ಯ ಇಲ್ಲದ ಮೇಲ್ ಎಂದರೆ ಫಿಲ್ಟರ್‌ಗೆ ಅನುಮಾನ. ಪದ ಹುಡುಕುವ ಫಿಲ್ಟರ್‌ಗಳ ಕಣ್ಣಿಗೆ ಬೀಳಬಾರದೆಂದು ಸ್ಪ್ಯಾಮ್‌ನವರು ಒಂದು ಕಾಲದಲ್ಲಿ ಇದೇ ಉಪಾಯ ಮಾಡುತ್ತಿದ್ದರು. ಮೇಲ್ ಟೆಸ್ಟರ್ ಶೇಕಡಾ ಎಷ್ಟು ಪಠ್ಯ ಉಂಟು ಎಂದು ತೋರಿಸುತ್ತದೆ. ಸಂಘದಲ್ಲಿ ಯೂನಿಕೋಡ್‌ಗೆ ಬದಲಾಗಿ ಎಂದು ಹೇಳಿ ಹೇಳಿ ಸಾಕಾಗಿತ್ತು. ಈ ಸಾಲು ತೋರಿಸಿದ ಮೇಲೆ ಒಪ್ಪಿದರು.

ಎರಡನೆಯದು ತೂಕ. ಕನ್ನಡದ ಒಂದೊಂದು ಅಕ್ಷರಕ್ಕೆ ಯುಟಿಎಫ್-8ರಲ್ಲಿ 3 ಬೈಟ್ ಬೇಕು, ಇಂಗ್ಲಿಷ್ ಅಕ್ಷರಕ್ಕೆ 1 ಸಾಕು. 'ಕ್ಷ' ಬರೆದರೆ ಕ, ವಿರಾಮ, ಷ ಎಂದು ಮೂರು ಸೇರಿ 9 ಬೈಟ್. ಪತ್ರ ಸುಮಾರು 102 ಕೆಬಿ ದಾಟಿದರೆ ಜಿಮೇಲ್ ಅದನ್ನು ನಡುವೆಯೇ ಮಡಚಿಡುತ್ತದೆ, ಉಳಿದದ್ದು ನೋಡಲು ಇನ್ನೊಂದು ಲಿಂಕ್ ಒತ್ತಬೇಕು. ಪತ್ರ ಬೇಡ ಎಂದು ಹೇಳುವ ಅನ್‌ಸಬ್‌ಸ್ಕ್ರೈಬ್ ಲಿಂಕ್ ಇರುವುದು ಎಲ್ಲಿ? ಪತ್ರದ ಕೆಳತುದಿಯಲ್ಲಿ. ಪತ್ರ ಬೇಡವಾದವರಿಗೆ ಅದು ಕಾಣದಿದ್ದರೆ ಏನು ಮಾಡುತ್ತಾರೆ ಹೇಳಿ? ಮೇಲೆಯೇ ಇರುವ 'ಸ್ಪ್ಯಾಮ್ ಎಂದು ವರದಿ ಮಾಡಿ' ಒತ್ತುತ್ತಾರೆ. ಅವರನ್ನು ದೂರಲಿಕ್ಕೂ ಆಗುವುದಿಲ್ಲ. ಮೇಲ್ ಟೆಸ್ಟರ್ ಪತ್ರದ ತೂಕವನ್ನು ಕೆಬಿಯಲ್ಲಿ ಹೇಳುತ್ತದೆ. ಹೆಡರ್‌ನಲ್ಲಿ (ಓದುಗರಿಗೆ ಕಾಣದ ಮೇಲ್‌ನ ತಲೆಭಾಗ) ಅನ್‌ಸಬ್‌ಸ್ಕ್ರೈಬ್ ವ್ಯವಸ್ಥೆ ಇದೆಯೋ ಎಂದೂ ನೋಡುತ್ತದೆ. ಡಿಎ ಕೋಷ್ಟಕವನ್ನು ನಾನು ಈಗ ವೆಬ್‌ಸೈಟಿನಲ್ಲಿ ಹಾಕಿ ಪತ್ರದಲ್ಲಿ ಲಿಂಕ್ ಮಾತ್ರ ಕೊಡುತ್ತೇನೆ.

ಲಿಂಕ್ ಎಂದಾಗ ನೆನಪಾಯಿತು. ಒಂದು ತಿಂಗಳು ಅಂಕ ಇದ್ದಕ್ಕಿದ್ದಂತೆ ಬಿತ್ತು. ಆ ಸಂಚಿಕೆಯಲ್ಲಿ ಮೋಸದ ಮೆಸೇಜ್ ಒಂದರ ಬಗ್ಗೆ ಎಚ್ಚರಿಕೆ ಇತ್ತು. "ನಿಮ್ಮ ಪಿಂಚಣಿ ನಿಲ್ಲುತ್ತದೆ, ಈ ಲಿಂಕ್ ಒತ್ತಿ" ಎಂಬ ಜಾತಿಯದ್ದು. ನಮ್ಮವರಿಗೆ ಗುರುತು ಸಿಗಲಿ ಎಂದು ಮೆಸೇಜನ್ನು ಲಿಂಕ್ ಸಮೇತ ಹಾಗೇ ಕೊಟ್ಟಿದ್ದೆ. ಫಿಲ್ಟರ್‌ಗಳು ಪತ್ರದೊಳಗಿನ ವೆಬ್ ವಿಳಾಸಗಳನ್ನು ಬ್ಲಾಕ್‌ಲಿಸ್ಟ್‌ಗಳ (ಕೆಟ್ಟ ವಿಳಾಸಗಳ ಪಟ್ಟಿ) ಜೊತೆ ತಾಳೆ ನೋಡುತ್ತವೆ. ಆ ವಿಳಾಸ ಅದಾಗಲೇ ಪಟ್ಟಿಯಲ್ಲಿತ್ತು. ಕಳ್ಳ ಬಂದ ಎಂದು ಕೂಗಿದವರನ್ನೇ ಹಿಡಿದರು! ನಾನು ಹಾಗೆ ಹಾಕಿದ್ದು ತಪ್ಪು ಎಂದು ಈಗಲೂ ಒಪ್ಪುವುದಿಲ್ಲ. ಮೋಸ ಹೇಗಿರುತ್ತದೆ ಎಂದು ತೋರಿಸದೆ ಎಚ್ಚರಿಕೆ ಕೊಡುವುದು ಹೇಗೆ? ಆದರೆ ಯಂತ್ರದ ಹತ್ತಿರ ವಾದ ಮಾಡಿ ಉಪಯೋಗವಿಲ್ಲ. ಲಿಂಕ್ ತೆಗೆದು, ವಿಳಾಸದಲ್ಲಿ ಯಾವ ಅಕ್ಷರ ತಪ್ಪಿತ್ತು ಎಂದು ಮಾತಿನಲ್ಲಿ ವಿವರಿಸಿದೆ. ಕಳಿಸುವ ಮುಂಚೆ ಗೊತ್ತಾದದ್ದರಿಂದ ಆ ಸಂಚಿಕೆ ಉಳಿಯಿತು. ವಾಟ್ಸ್ಯಾಪ್‌ನಲ್ಲಿ ಬರುವ ಮೋಟು ಲಿಂಕ್‌ಗಳನ್ನೂ ಪತ್ರದಲ್ಲಿ ಹಾಕುವುದು ಬಿಟ್ಟೆ, ಅವು ಎಲ್ಲಿಗೆ ಹೋಗುತ್ತವೆ ಎಂದು ಕಾಣದ ಕಾರಣ ಅವಕ್ಕೂ ಕೆಟ್ಟ ಹೆಸರು.

ಸೈಟ್ ಮುರಿದ ಲಿಂಕ್‌ಗಳ ಪಟ್ಟಿಯನ್ನೂ ಕೊಡುತ್ತದೆ. ಬ್ಯಾಂಕ್‌ಗಳೆಲ್ಲ 2025ರ ಅಕ್ಟೋಬರ್ 31ರೊಳಗೆ 'ಡಾಟ್ ಬ್ಯಾಂಕ್ ಡಾಟ್ ಇನ್' ವಿಳಾಸಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದ ಮೇಲೆ ನಮ್ಮ ಪತ್ರದ ಕೊನೆಯಲ್ಲಿದ್ದ ಹಳೆಯ ವಿಳಾಸಗಳನ್ನು ತಿದ್ದುವಾಗ ಇದು ಉಪಯೋಗಕ್ಕೆ ಬಂತು.

ಈಗ ಕೊರತೆಗೆ ಬರೋಣ. ಅಂಕ ಒಂಬತ್ತೂವರೆ ಬಂದ ತಿಂಗಳೇ ಕಾರ್ಕಳದಿಂದ ನಮ್ಮ ಹಳೆಯ ಮ್ಯಾನೇಜರ್ ಫೋನ್ ಮಾಡಿದರು. "ಎಂಥ ಮಾರಾಯ್ತಿ, ಪತ್ರ ನಿಲ್ಲಿಸಿದ್ಯಾ? ಬರ್ಲೇ ಇಲ್ಲ." "ಸ್ಪ್ಯಾಮ್ ನೋಡಿ ಸರ್" ಎಂದೆ. "ಅದೆಲ್ಲಿ ಉಂಟು?" ಮೊಮ್ಮಗಳ ಸಹಾಯದಿಂದ ತೆರೆದರೆ ಈ ತಿಂಗಳದ್ದು ಒಂದೇ ಅಲ್ಲಿತ್ತು. ಹಿಂದಿನವು ಇಲ್ಲ. ಜಿಮೇಲ್‌ನಲ್ಲಿ ಸ್ಪ್ಯಾಮ್‌ಗೆ ಬಿದ್ದದ್ದು 30 ದಿನಕ್ಕೆ ತಾನಾಗಿಯೇ ಅಳಿದುಹೋಗುತ್ತದೆ. ತಿಂಗಳ ಪತ್ರಕ್ಕೆ ಇದಕ್ಕಿಂತ ಕಷ್ಟದ ನಿಯಮ ಬೇರೆ ಇಲ್ಲ.

ಒಂಬತ್ತೂವರೆ ಬಂದರೂ ಹೀಗೇಕೆ? ಮೇಲ್ ಟೆಸ್ಟರ್ ನೋಡುವುದು ಆ ಒಂದು ಪತ್ರವನ್ನು, ಅದು ಬಂದ ಸರ್ವರನ್ನು. ಓದುಗರು ನಿಮ್ಮ ಹಿಂದಿನ ಪತ್ರಗಳನ್ನು ಏನು ಮಾಡಿದರು ಎಂಬುದು ಅದಕ್ಕೆ ಗೊತ್ತಾಗುವ ದಾರಿಯೇ ಇಲ್ಲ. ದೊಡ್ಡ ಮೇಲ್ ಕಂಪೆನಿಗಳು ಜಾಸ್ತಿ ಬೆಲೆ ಕೊಡುವುದು ಅದಕ್ಕೇ: ತೆರೆದರೋ, ಉತ್ತರ ಬರೆದರೋ, ಸ್ಪ್ಯಾಮ್ ಎಂದು ಒತ್ತಿದರೋ. 2024ರ ಫೆಬ್ರವರಿಯಿಂದ ಗೂಗಲ್ ಜಾರಿಗೆ ತಂದ ನಿಯಮ ನೋಡಿ. ಜಿಮೇಲ್‌ಗೆ ಮೇಲ್ ಕಳಿಸುವವರ ಬಗ್ಗೆ ಬರುವ ಸ್ಪ್ಯಾಮ್ ದೂರು ಶೇಕಡಾ 0.3 ಮುಟ್ಟಬಾರದು. ಸಾವಿರಕ್ಕೆ ಮೂರು! ನಮ್ಮದು ದೊಡ್ಡ ಪಟ್ಟಿ ಅಲ್ಲ, ಆದರೂ ಆ ನಿಯಮ ನಮಗೂ ಉಂಟು. ಎಸ್‌ಪಿಎಫ್ ಅಥವಾ ಡಿಕಿಮ್ ಒಂದಾದರೂ ಇರಬೇಕು ಎಂಬುದೂ ಎಲ್ಲರಿಗೂ. ಗಾಳಿ ಎತ್ತ ಬೀಸುತ್ತಿದೆ ಎಂದು ಇದರಿಂದ ತಿಳಿಯುತ್ತದೆ. ನಮ್ಮ ಪಟ್ಟಿ ಚಿಕ್ಕದಾದಷ್ಟೂ ಒಬ್ಬರ ಬೆರಳಿಗೆ ಬೆಲೆ ಜಾಸ್ತಿ.

ದೂರಿನ ಪ್ರಮಾಣ ತಿಳಿಯಲು ಗೂಗಲ್‌ನದ್ದೇ ಪೋಸ್ಟ್‌ಮಾಸ್ಟರ್ ಟೂಲ್ಸ್ ಉಂಟು, ಅದೂ ಉಚಿತ. ಆದರೆ ಸಾಕಷ್ಟು ಮೇಲ್ ಹೋಗದಿದ್ದರೆ ಅದು ಲೆಕ್ಕ ತೋರಿಸುವುದಿಲ್ಲ. ನಮ್ಮ ಪುಟ ಖಾಲಿ. ದೊಡ್ಡ ಪಟ್ಟಿ ಇರುವವರು ಮೇಲ್ ಟೆಸ್ಟರ್ ಜೊತೆ ಇದನ್ನೂ ನೋಡಿ.

ಕೊನೆಗೆ ನಾವು ಮಾಡಿದ್ದು ಕಂಪ್ಯೂಟರಿನ ಕೆಲಸವೇ ಅಲ್ಲ. ಅಂಬಲಪಾಡಿಯಲ್ಲಿ ಸಂಘದ ಸಭೆ ಇತ್ತು. ಊಟದ ಮುಂಚೆ ಎಲ್ಲರ ಫೋನ್ ತೆಗೆಸಿದೆ. ಸ್ಪ್ಯಾಮ್ ತೆರೆಯಿರಿ, ಪತ್ರ ಇದ್ದರೆ 'ಸ್ಪ್ಯಾಮ್ ಅಲ್ಲ' ಒತ್ತಿ, ನಮ್ಮ ವಿಳಾಸವನ್ನು ಕಾಂಟ್ಯಾಕ್ಟ್‌ಗೆ ಸೇರಿಸಿ, 'ಸಿಕ್ಕಿತು' ಎಂದು ಒಂದು ಉತ್ತರ ಬರೆಯಿರಿ. ಊಟದ ನಂತರ ಹೇಳಿದ್ದರೆ ಯಾರೂ ಇರುತ್ತಿರಲಿಲ್ಲ. ಡೊಂಬಿವಲಿ, ಬೆಂಗಳೂರಿನವರಿಗೆ ಫೋನಿನಲ್ಲಿ ಹೇಳಿದೆವು. ಸರ್ವಿಸಿನಲ್ಲಿದ್ದಾಗ ಆಫೀಸ್ ಇಮೇಲ್ ಕೊಟ್ಟು, ನಿವೃತ್ತಿಯಾದ ಮೇಲೆ ಬದಲಿಸದವರ ವಿಳಾಸಗಳನ್ನೂ ಪಟ್ಟಿಯಿಂದ ತೆಗೆದೆವು. ಸತ್ತ ವಿಳಾಸಗಳಿಗೆ ಕಳಿಸುತ್ತಾ ಇದ್ದರೆ ಕಳಿಸುವವರ ಹೆಸರು ಕೆಡುತ್ತದೆ. ಇದಾದ ಮೇಲೆ "ಬರ್ಲಿಲ್ಲ" ಎಂಬ ಫೋನ್ ಬಹಳ ಕಡಿಮೆಯಾಗಿದೆ.

ಹಾಗಾದರೆ ಮೇಲ್ ಟೆಸ್ಟರ್‌ಗೆ ನಾನು ಎಷ್ಟು ಕೊಡುತ್ತೇನೆ? ಐದರಲ್ಲಿ ನಾಲ್ಕು. ಸಂಘ, ಶಾಲೆಯ ಹಳೆ ವಿದ್ಯಾರ್ಥಿಗಳ ಬಳಗ, ಸಹಕಾರಿ ಸೊಸೈಟಿ, ದೇವಸ್ಥಾನದ ಸಮಿತಿ, ಯಾರೇ ಆಗಲಿ ಸ್ವಂತ ಡೊಮೈನ್‌ನಿಂದ ಮೇಲ್ ಕಳಿಸುವವರಿದ್ದರೆ ಒಮ್ಮೆ ಹಾಕಿ ನೋಡಿ. ಡಿಎನ್‌ಎಸ್ ಬದಲಿಸಿದಾಗ, ಪತ್ರದ ವಿನ್ಯಾಸ ಬದಲಿಸಿದಾಗ ಮತ್ತೆ ನೋಡಿ. ಹತ್ತಕ್ಕೆ ಹತ್ತೇ ಬೇಕೆಂದು ಕೂತು ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ, ಒಂಬತ್ತು ದಾಟಿದರೆ ಉಳಿದ ಸಮಯವನ್ನು ಓದುಗರಿಗೆ ಫೋನ್ ಮಾಡಲು ಇಡಿ. ಒಂದು ಅಂಕ ಕಡಿಮೆ ಮಾಡಿದ್ದು ಭಾಷೆಗಾಗಿ: ವಿವರಣೆಗಳನ್ನು ಸಾಫ್ಟ್‌ವೇರ್‌ನವರಿಗೆ ಬರೆದ ಹಾಗೆ ಬರೆದಿದ್ದಾರೆ, ಪಕ್ಕದ ಮನೆಯ ಎಂಜಿನಿಯರಿಂಗ್ ಹುಡುಗಿ ಕೂತು ಹೇಳಿಕೊಡದಿದ್ದರೆ ನನಗೆ ಅರ್ಧ ತಿಳಿಯುತ್ತಿರಲಿಲ್ಲ.

ಇನ್ನೊಂದು ಮಾತು. ಜಾಹೀರಾತಿನಂಥ ಮೇಲ್‌ಗಳನ್ನು ಬೇರೆ ಇಡುವ ಜಿಮೇಲ್‌ನ ಪ್ರೊಮೋಷನ್ಸ್ ಟ್ಯಾಬ್‌ಗೆ ಪತ್ರ ಹೋಗುತ್ತದೆಯೋ ಎಂಬುದನ್ನು ಈ ಸೈಟ್ ಹೇಳುವುದಿಲ್ಲ. ಅದು ಸ್ಪ್ಯಾಮ್ ಅಲ್ಲ, 30 ದಿನಕ್ಕೆ ಅಳಿಯುವುದೂ ಇಲ್ಲ. ನಮ್ಮ ಪೈಕಿ ಕೆಲವರಿಗೆ ಅಲ್ಲಿ ಹೋಗುತ್ತಾ ಇದೆ. ಪತ್ರವನ್ನು ಎಳೆದು ಪ್ರೈಮರಿ ಟ್ಯಾಬ್‌ಗೆ ಹಾಕಿದರೆ, ಮುಂದಿನ ಸಲವೂ ಹಾಗೇ ಮಾಡಲೇ ಎಂದು ಜಿಮೇಲ್ ಕೇಳುತ್ತದೆ. ಹೌದು ಎಂದು ಒತ್ತಿ. ಕಂಪ್ಯೂಟರಿನಲ್ಲಿ ಮಾಡಿದರೆ ಫೋನಿಗಿಂತ ಸುಲಭ.