ಕಿಟಕಿ ಸೀಟಾ, ಐಲ್ ಸೀಟಾ?

ಹತ್ತು ಹನ್ನೆರಡು ಗಂಟೆಯ ವಿಮಾನ ಪ್ರಯಾಣಕ್ಕೆ ಕಿಟಕಿ ಪಕ್ಕದ್ದೋ, ಐಲ್ (ನಡುವಿನ ಓಡಾಡುವ ದಾರಿ) ಪಕ್ಕದ್ದೋ ಅಂತ ಸೀಟು ಆರಿಸುವಾಗ ಒಂದೇ ಪ್ರಶ್ನೆ: ನಿಮಗೆ ನಿದ್ದೆ ಮುಖ್ಯವಾ, ಓಡಾಟ ಮುಖ್ಯವಾ?

ನಿದ್ದೆ ಅನ್ನೋದಾದರೆ ಕಿಟಕಿ ಸೀಟು. ತಲೆ ಒರಗಿಸೋಕೆ ಗೋಡೆ ಇರುತ್ತದೆ, ಯಾರೂ ಎಬ್ಬಿಸುವುದಿಲ್ಲ. ಆ ಗೋಡೆ ರಾತ್ರಿ ತಣ್ಣಗೆ ಕೊರೆಯುತ್ತದೆ, ಭುಜಕ್ಕೂ ಗೋಡೆಗೂ ನಡುವೆ ಹೊದಿಕೆ ತುರುಕಿದರೆ ಸರಿಹೋಗುತ್ತದೆ. ದೊಡ್ಡ ತೊಂದರೆ ಬೇರೆಯೇ ಇದೆ. ಪಕ್ಕದ ಇಬ್ಬರೂ ಊಟದ ಟ್ರೇ ಮುಂದಿಟ್ಟುಕೊಂಡೇ ನಿದ್ದೆ ಹೋಗಿರುತ್ತಾರೆ, ಎಬ್ಬಿಸೋಕೆ ಸಂಕೋಚ, ಹಾಗಾಗಿ ಟಾಯ್ಲೆಟ್‌ಗೆ ಏಳಬೇಕಲ್ಲ ಅಂತ ನೀರು ಕುಡಿಯೋದನ್ನೇ ಕಡಿಮೆ ಮಾಡಿ ಸುಮ್ನೆ ಕೂತುಬಿಡುತ್ತೇವೆ. ಕ್ಯಾಬಿನ್ ಗಾಳಿಯ ತೇವಾಂಶ ಸಾಮಾನ್ಯವಾಗಿ ಶೇ. 20ಕ್ಕಿಂತ ಕಡಿಮೆ, ಗಂಟಲು ತುಟಿ ಎಲ್ಲ ಒಣಗುತ್ತದೆ. 4 ಗಂಟೆಗಿಂತ ಜಾಸ್ತಿ ಹೀಗೆ ಅಲ್ಲಾಡದೆ ಕೂತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಹೆಚ್ಚುತ್ತದೆ.

ಐಲ್ ಸೀಟಿನಲ್ಲಿ ಬೇಕೆಂದಾಗ ಎದ್ದು ಹಿಂದಿನ ಗ್ಯಾಲಿವರೆಗೆ (ಊಟ ಸಿದ್ಧಮಾಡುವ ಜಾಗ) ನಡೆದು ಬರಬಹುದು. ಆದರೆ ನಿದ್ದೆ ಹತ್ತುವ ಹೊತ್ತಿಗೆ ಸರಿಯಾಗಿ ಊಟದ ಗಾಡಿ ಬಂದು ಮೊಣಕೈಗೆ ಬಡಿಯುತ್ತದೆ. ನನಗೆ ಎರಡು ಸಲ ಆಗಿದೆ. ಒಳಗಿನವರು ಎದ್ದಾಗಲೆಲ್ಲ ನೀವೂ ಏಳಬೇಕು.

ತುರ್ತು ಬಾಗಿಲ ಪಕ್ಕದ ಎಕ್ಸಿಟ್ ಸಾಲಿನಲ್ಲಿ ಕಾಲು ಚಾಚಬಹುದು ನಿಜ, ಆದರೆ ಟೇಕಾಫ್, ಲ್ಯಾಂಡಿಂಗ್ ಹೊತ್ತಿಗೆ ಬ್ಯಾಗ್ ಕಾಲ ಬಳಿ ಇಡುವಂತಿಲ್ಲ. ಮಧ್ಯದ ಸೀಟಿನ ಬಗ್ಗೆ ಹೇಳೋಕೇನಿದೆ, ಬಿಡಿ.

ನನ್ನ ಲೆಕ್ಕ ಹೀಗೆ: ರಾತ್ರಿ ಹೊರಟರೆ ಕಿಟಕಿ, ಹಗಲಾದರೆ ಐಲ್. ಬೆನ್ನುನೋವು ಇದ್ದರೆ, ಪದೇ ಪದೇ ಟಾಯ್ಲೆಟ್‌ಗೆ ಹೋಗಬೇಕಾದರೆ ಯೋಚನೆಯೇ ಬೇಡ, ಐಲ್ ಸೀಟೇ ಹಿಡಿಯಿರಿ.