ಸ್ಪಿತಿಯ ದೂಳಿಗೆ ಜಗ್ಗದ ಚೀಲ ಶಿರಸಿಯ ಮಳೆಗಾಲಕ್ಕೆ ಸೋತಿತು: 50 ಲೀಟರ್ ರಕ್‌ಸ್ಯಾಕ್, ಕೆಲವು ವರ್ಷ ಬಳಸಿದ ಮೇಲೆ

ಚೀಲದ ಉದ್ದಗಲ, ತೂಕ, ಜೇಬುಗಳ ಲೆಕ್ಕವೆಲ್ಲ ಮಾರುವವರ ಪುಟದಲ್ಲೇ ಸಿಗುತ್ತದೆ, ಅದನ್ನು ಬಿಡುತ್ತೇನೆ. ಕೊಂಡಾಗ ಆರು ಸಾವಿರದ ಆಸುಪಾಸು ಬಿದ್ದಿತ್ತು. ಕಂಪನಿಯ ಹೆಸರನ್ನೂ ಬರೆಯುತ್ತಿಲ್ಲ. ನಾನು ಹೇಳಹೊರಟ ದೋಷ ಒಂದೇ ಕಂಪನಿಯದಲ್ಲ, ಒಳಗೆ ಅದೇ ಬಗೆಯ ಲೇಪವಿರುವ ಯಾವ ಚೀಲಕ್ಕೂ ಬರಬಹುದಾದದ್ದು.

ನಮ್ಮದು ಶಿರಸಿ ಹತ್ತಿರ ಅಡಿಕೆ ತೋಟ. ಕೊನೆ ಕೊಯ್ಲು, ಸುಲಿಯುವುದು, ಒಣಗಿಸುವುದು ಎಲ್ಲ ಮುಗಿದು, ಮುಂಗಾರಿಗೆ ಮೊದಲು ಕೊಳೆರೋಗಕ್ಕೆ ಬೋರ್ಡೋ ಮದ್ದು ಹೊಡೆಸುವ ಗಡಿಬಿಡಿ ಶುರುವಾಗುವುದರೊಳಗೆ ಸಿಗುವ ಬಿಡುವೆಂದರೆ ಮೇ ತಿಂಗಳು. ಹಿಮಾಚಲದ ಕಿನ್ನೌರ್, ಸ್ಪಿತಿ ಕಣಿವೆಗಳಲ್ಲಿ ಅದು ವಸಂತದ ಕೊನೆ. ಕಿನ್ನೌರಿನ ಎತ್ತರದ ತೋಟಗಳಲ್ಲಿ ಸೇಬು ಹೂಬಿಟ್ಟಿರುತ್ತದೆ, ಸ್ಪಿತಿಯಲ್ಲಿ ಬಟಾಣಿ ಮತ್ತು ಬಾರ್ಲಿಯ ಬಿತ್ತನೆ ನಡೆದಿರುತ್ತದೆ. ಮನಾಲಿ ಕಡೆಯ ಕುಂಜುಮ್ ಲಾ ಎಂಬ ಘಾಟಿ 4,500 ಮೀಟರಿಗೂ ಎತ್ತರದಲ್ಲಿದೆ, ಅಲ್ಲಿಯ ಹಿಮ ಸರಿದು ದಾರಿ ತೆರೆಯುವುದು ಸಾಮಾನ್ಯವಾಗಿ ಮೇ ಕೊನೆಗೆ ಅಥವಾ ಜೂನ್‌ಗೆ. ಹಾಗಾಗಿ ನಾವು ಹೋಗುವುದು ಶಿಮ್ಲಾ, ರಾಮಪುರ, ರೆಕಾಂಗ್ ಪಿಯೊ, ನಾಕೊ, ತಾಬೊ, ಕಾಜಾ ಎಂದು ಸಟ್ಲೆಜ್ ನದಿಯ ದಾರಿ ಹಿಡಿದು. ಈ ದಾರಿಗೆ ಇನ್ನೊಂದು ಗುಣವಿದೆ: ಎತ್ತರ ನಿಧಾನವಾಗಿ ಏರುವುದರಿಂದ ಮೈ ಒಗ್ಗಿಕೊಳ್ಳಲು ಸಮಯ ಸಿಗುತ್ತದೆ.

ಈ ಪ್ರಯಾಣಕ್ಕೆ ಚೀಲ ಕಟ್ಟುವ ಕಷ್ಟ ಚಳಿಯದಲ್ಲ. ಚಳಿಯೊಂದೇ ಆಗಿದ್ದರೆ ಸ್ವೆಟರ್ ತುರುಕಿ ಹೊರಡಬಹುದಿತ್ತು. ಮೇ ತಿಂಗಳ ದೆಹಲಿಯಲ್ಲಿ 42 ಡಿಗ್ರಿ ಬಿಸಿಲು, ತಾಬೊದ ಮಧ್ಯಾಹ್ನಕ್ಕೆ ತೆಳು ಅಂಗಿ ಸಾಕು, ಆದರೆ ನೆರಳಿಗೆ ಸರಿದರೆ ಜಾಕೆಟ್ ಬೇಕು. ಸುಮಾರು 4,200 ಮೀಟರ್ ಎತ್ತರದ ಕಿಬ್ಬರ್‌ನಲ್ಲಿ ರಾತ್ರಿ ಸೊನ್ನೆಗಿಂತ ಕೆಳಗೆ ಇಳಿದರೆ ಆಶ್ಚರ್ಯವಿಲ್ಲ. ಇಷ್ಟನ್ನೂ ಒಂದೇ ಚೀಲದಲ್ಲಿ ಹೊರಬೇಕು, ದಿನಕ್ಕೆ ಮೂರು ನಾಲ್ಕು ಸಲ ಅದಕ್ಕೆ ಕೈ ಹಾಕಬೇಕು.

ಈ ಚೀಲವನ್ನು ನಾನು ಮೆಚ್ಚಿದ್ದು ಅಲ್ಲಿಯೇ. ಮುಂಭಾಗದ ಜಿಪ್ ಮೂರು ಬದಿಗೂ ಇಳಿಯುತ್ತದೆ, ಚೀಲ ನೆಲದ ಮೇಲೆ ಪೂರ್ತಿ ತೆರೆದುಕೊಳ್ಳುತ್ತದೆ. ಹೆಂಡತಿಯ ಹಳೆಯ ಚೀಲ ಬಾಯಿಂದಷ್ಟೇ ತುಂಬುವಂಥದ್ದು, ತಳದಲ್ಲಿರುವ ಕಾಲುಚೀಲ ಬೇಕೆಂದರೆ ಇಡೀ ಸಂಸಾರ ಹೊರಗೆ ತೆಗೆಯಬೇಕು. ಎರಡನೇ ವರ್ಷದಿಂದ ಅವಳು ಹೊರಡುವ ಹಿಂದಿನ ರಾತ್ರಿ, "ನಿಮ್ಮ ಚೀಲದಲ್ಲೇ ನನ್ನ ಸ್ವೆಟರೂ ಇರ್ಲಿ" ಎಂದು ತಂದಿಡುತ್ತಾಳೆ.

ಸಂಜೆ ಹೋಮ್‌ಸ್ಟೇ ಸೇರಿದ ಮೇಲೆ ನಡೆಯುವ ಒಂದು ಕ್ರಮವಿದೆ, ನನಗೆ ಅದು ಪ್ರವಾಸದ ಅತಿ ಇಷ್ಟದ ಅರ್ಧ ಗಂಟೆ. ಮಣ್ಣಿನ ಗೋಡೆಯ ಕೋಣೆ, ನೆಲಕ್ಕೆ ಹಾಸಿದ ಕಂಬಳಿ, ಪಕ್ಕದ ಅಡುಗೆಮನೆಯಲ್ಲಿ ತಗಡಿನ ತಂದೂರ್ ಒಲೆ ಉರಿಯುತ್ತಿರುತ್ತದೆ. ಚೀಲವನ್ನು ಅಂಗಾತ ಮಲಗಿಸಿ ಬಿಚ್ಚುತ್ತೇನೆ. ಎಡಕ್ಕೆ ಹಗಲಿನದು, ಬಲಕ್ಕೆ ರಾತ್ರಿಯದು. ಮೊದಲು ಹಕ್ಕಿಯ ಮೃದು ಪುಕ್ಕ ತುಂಬಿದ ಡೌನ್ ಜಾಕೆಟ್ ಹೊರಗೆ ಬರುತ್ತದೆ. ಹಗಲೆಲ್ಲ ಬಸ್ಸಿನಲ್ಲಿ ಅದರ ಗಂಟು ತಲೆದಿಂಬಾಗಿರುತ್ತದೆ, ಈಗ ಒಮ್ಮೆ ಜೋರಾಗಿ ಕೊಡವಿದರೆ ಮತ್ತೆ ಉಬ್ಬುತ್ತದೆ. ಆಮೇಲೆ ಉಣ್ಣೆಯ ಉದ್ದ ಕಾಲುಚೀಲ ಒಂದು ಜೊತೆ. ಒಂದರೊಳಗೆ ಫೋನ್ ಮತ್ತು ಪವರ್ ಬ್ಯಾಂಕ್ ಹೋಗುತ್ತವೆ, ಏಕೆಂದರೆ ಚಳಿಗೆ ಬ್ಯಾಟರಿ ಬೇಗ ಬಸವಳಿಯುತ್ತದೆ. ಇನ್ನೊಂದರೊಳಗೆ ಬಿಸಿನೀರು ತುಂಬಿದ ಸ್ಟೀಲ್ ಬಾಟಲಿ. ಎರಡನ್ನೂ ರಜಾಯಿಯೊಳಗೆ ಕಾಲ ಬುಡಕ್ಕೆ ಇಡುತ್ತೇನೆ. ಮರುದಿನ ಹಾಕಿಕೊಳ್ಳುವ ಒಳಅಂಗಿಯೂ ಅಲ್ಲಿಗೇ. ಬೆಳಗ್ಗೆ ಐದಕ್ಕೆ ಎದ್ದಾಗ ಬೆಚ್ಚಗಿನ ಅಂಗಿ ಮೈಗೆ ತಾಗಿದರೆ ಅರ್ಧ ಚಳಿ ಅಲ್ಲಿಗೇ ಹೋಯಿತು. ಚೀಲದ ತಲೆಯ ಜೇಬಿನಲ್ಲಿ ಹೆಡ್‌ಲ್ಯಾಂಪ್ ಮಾತ್ರ, ಬೇರೇನೂ ಇಡುವುದಿಲ್ಲ. ಹಳ್ಳಿಗಳಲ್ಲಿ ನೀರಿಲ್ಲದ ಒಣ ಶೌಚಾಲಯ ಹೆಚ್ಚಾಗಿ ಮನೆಯ ಹೊರಗೆ, ಮಣ್ಣು ಎಳೆಯುವ ಸಲಿಕೆ ಎಲ್ಲಿದೆಯೆಂದು ಕತ್ತಲಲ್ಲಿ ಕಾಣಬೇಕಲ್ಲ.

ತಿಂಡಿಗೆ ತಳದ ಅರೆಯನ್ನು ಕೊಟ್ಟಿದ್ದೇನೆ. ಅವಲಕ್ಕಿ, ಚಟ್ನಿಪುಡಿ, ಒಣಗಿಸಿದ ಹಲಸಿನ ಹಪ್ಪಳ. ಶಿರಸಿ ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ, ನಾಕೊ 3,600ರ ಆಸುಪಾಸು. ಇಲ್ಲಿ ಸೀಲ್ ಮಾಡಿದ ಚಟ್ನಿಪುಡಿ ಪ್ಯಾಕೆಟ್ ಅಲ್ಲಿಗೆ ಮುಟ್ಟುವಾಗ ಒಡೆಯುವಷ್ಟು ಉಬ್ಬಿರುತ್ತದೆ, ಏಕೆಂದರೆ ಹೊರಗಿನ ಗಾಳಿಯ ಒತ್ತಡ ಕಡಿಮೆಯಾಗಿರುತ್ತದೆ. ಸನ್‌ಸ್ಕ್ರೀನ್ ಟ್ಯೂಬಿನ ಮುಚ್ಚಳ ತಿರುಗಿಸಿದೊಡನೆ ಹೊರಗೆ ಚಿಮ್ಮುತ್ತದೆ. ಹಾಗಾಗಿ ಪುಡಿಯನ್ನು ತಿರುಗುಮುಚ್ಚಳದ ಸ್ಟೀಲ್ ಡಬ್ಬಿಗೆ, ಟ್ಯೂಬ್‌ಗಳನ್ನು ಗಾಳಿ ಹಿಂಡಿ ತೆಗೆದು ಜಿಪ್ ಕವರಿಗೆ ಹಾಕುವುದು ನಮ್ಮ ಮನೆಯ ನಿಯಮ. ಸನ್‌ಸ್ಕ್ರೀನ್ ಬಿಟ್ಟು ಹೋಗುವಂತಿಲ್ಲ, ಎತ್ತರ ಏರಿದಷ್ಟೂ ಬಿಸಿಲಿನ ನೇರಳಾತೀತ ಕಿರಣ ಹೆಚ್ಚು.

ದೂಳಿನ ವಿಷಯ ಹೇಳಲೇಬೇಕು. ಪಿಯೊದಿಂದ ಕಾಜಾಕ್ಕೆ ಹಿಮಾಚಲ ಸಾರಿಗೆಯ ಬಸ್ಸು ಹೋಗುತ್ತದೆ, ಚೀಲ ಹಿಂದಿನ ಡಿಕ್ಕಿಯಲ್ಲಿ. ಖಾಬ್ ಬಳಿ ಸ್ಪಿತಿ ನದಿ ಸಟ್ಲೆಜ್ ಸೇರುವಲ್ಲಿಂದ ಮೇಲಕ್ಕೆ ದಾರಿಯುದ್ದಕ್ಕೂ ಒಣ ಮಣ್ಣು. ಮಳೆನೆರಳಿನ ನಾಡು ಅದು. ಮಳೆಗೆಂದು ಕೊಟ್ಟ ಕವರನ್ನು ನಾನು ಬಳಸಿದ್ದೆಲ್ಲ ದೂಳಿಗಾಗಿಯೇ. ಹಿಟ್ಟಿಗಿಂತ ನುಣ್ಣಗಿನ ಆ ಮಣ್ಣು ಜಿಪ್‌ನ ಹಲ್ಲಿಗೆ ಸೇರಿದರೆ ಸಾಧಾರಣ ಜಿಪ್ ಎರಡೇ ದಿನಕ್ಕೆ ಕಚ್ಚಿಕೊಳ್ಳುತ್ತದೆ. ಇದರ ಮುಖ್ಯ ಜಿಪ್ ದಪ್ಪದ್ದು, ಹತ್ತನೇ ನಂಬರಿನದು. ರಾತ್ರಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಮೋಂಬತ್ತಿಯ ತುಂಡನ್ನು ಮೇಲಿಂದ ಕೆಳಗೆ ಒಮ್ಮೆ ಎಳೆದರೆ ಮರುದಿನ ಸರಾಗ. ಇಷ್ಟು ವರ್ಷದಲ್ಲಿ ಒಂದು ಹಲ್ಲೂ ಜಾರಿಲ್ಲ. ಹೊಲಿಗೆ ಬಿಟ್ಟಿಲ್ಲ. ಸೊಂಟದ ಪಟ್ಟಿ ಹನ್ನೊಂದು ಕಿಲೋ ಭಾರವನ್ನು ಹೆಗಲಿಂದ ಇಳಿಸಿ ಸೊಂಟಕ್ಕೆ ಕೊಡುತ್ತದೆ, ಐವತ್ತು ದಾಟಿದ ನನ್ನ ಬೆನ್ನು ಅದಕ್ಕೆ ಸಾಕ್ಷಿ.

ಇಲ್ಲಿಗೇ ನಿಲ್ಲಿಸಿದ್ದರೆ ಐದಕ್ಕೆ ಐದು ನಕ್ಷತ್ರ ಕೊಡುತ್ತಿದ್ದೆ.

ಮೂರನೇ ಮಳೆಗಾಲ ಕಳೆದು ದೀಪಾವಳಿಯ ಹೊತ್ತಿಗೆ ಚೀಲ ಇಳಿಸಿದಾಗ ಒಳಗಿಂದ ಹುಳಿ ವಾಸನೆ ಬಂತು. ಬೆಕ್ಕೋ ಇಲಿಯೋ ಎಂದುಕೊಂಡು ಕೈ ಹಾಕಿದೆ. ಒಳಗಿನ ಬಟ್ಟೆ ಹಲಸಿನ ಮೇಣದ ಹಾಗೆ ಬೆರಳಿಗೆ ಅಂಟಿತು. ತಳದ ಎರಡು ಮಡಿಕೆಗಳು ಒಂದಕ್ಕೊಂದು ಹತ್ತಿಕೊಂಡಿದ್ದವು, ಬಿಡಿಸಿದರೆ ಚರ್‍ರೆಂದು ಸದ್ದು. ಮೂಲೆಗಳಲ್ಲಿ ಲೇಪ ಬಿಳಿ ಹೊಟ್ಟಾಗಿ ಉದುರುತ್ತಿತ್ತು, ಕಪ್ಪು ಸ್ವೆಟರ್ ಇಟ್ಟು ತೆಗೆದರೆ ಮೈಯೆಲ್ಲ ಬಿಳಿ. ಮಳೆ ಕವರಿನದೂ ಇದೇ ಪಾಡು. ಜೂನ್‌ನಲ್ಲಿ ಬಂದ ಕೂಡಲೇ ದೂಳು ಕೊಡವಿ, ಒರೆಸಿ, ನೆರಳಿನಲ್ಲಿ ಒಣಗಿಸಿ, ಗೂಟಕ್ಕೆ ತೂಗುಹಾಕಿದ್ದೆ. ಚೀಲದ ಒಳಗಿನ ಚೀಟಿಯಲ್ಲಿ ಬರೆದಿದ್ದುದು ಅಷ್ಟೇ, ಮಾಡಿದ್ದೂ ಅಷ್ಟನ್ನೇ.

ಗ್ರಾಹಕ ಸೇವೆಗೆ ಫೋನ್ ಮಾಡಿದೆ, ಫೋಟೊ ಕಳಿಸಿದೆ. "ಸರ್, ಇದು ನಾರ್ಮಲ್ ವೇರ್ ಅಂಡ್ ಟೇರ್, ವಾರಂಟಿಯಲ್ಲಿ ಬರಲ್ಲ" ಎಂದು ಉತ್ತರ. ವಾರಂಟಿ ಹೊಲಿಗೆಗೆ, ಜಿಪ್‌ಗೆ, ಬಕಲ್‌ಗೆ ಮಾತ್ರ. ಕೆಡದ ಮೂರಕ್ಕೂ ವಾರಂಟಿ ಇತ್ತು, ಕೆಟ್ಟ ಒಂದಕ್ಕೆ ಇರಲಿಲ್ಲ. ಪೇಟೆಯಲ್ಲಿ ಬ್ಯಾಗ್ ರಿಪೇರಿಯವರಿಗೆ ತೋರಿಸಿದರೆ ಅವರು ಒಳಗೆ ಕೈಯಾಡಿಸಿ, "ಅಣ್ಣಾ, ಹೊಲಿಯೋಕೆ ಏನೂ ಇಲ್ಲ ಇದ್ರಲ್ಲಿ. ಮಳೆಗಾಲ ಮುಗಿದ ಮೇಲೆ ಇಂಥವು ಬರ್ತಾನೇ ಇರ್ತಾವೆ" ಎಂದರು. ಕಂಪನಿಗೆ ಗೊತ್ತಿರಬೇಕಾದದ್ದು ಅವರಿಗೆ ಗೊತ್ತಿತ್ತು.

ಇದು ಏಕೆ ಹೀಗಾಗುತ್ತದೆ ಎಂದರೆ, ನೀರು ಒಳಗಿಳಿಯದಂತೆ ನೈಲಾನ್ ಬಟ್ಟೆಯ ಒಳಮೈಗೆ ಪಾಲಿಯುರೆಥೇನ್ ಬಳಿದಿರುತ್ತಾರೆ, ಚುಟುಕಾಗಿ ಪಿಯು. ಅಗ್ಗದ ಮತ್ತು ಮಧ್ಯಮ ಬೆಲೆಯ ಸಾಮಾನಿನಲ್ಲಿ ಬಹುಮಟ್ಟಿಗೆ ಬರುವುದು ಪಾಲಿಯೆಸ್ಟರ್ ಬಗೆಯ ಪಿಯು. ಅದರ ಎಸ್ಟರ್ ಕೊಂಡಿಗಳನ್ನು ನೀರಿನ ಆವಿ ಕತ್ತರಿಸುತ್ತದೆ. ಚೀಲ ಒದ್ದೆಯಾಗಬೇಕೆಂದಿಲ್ಲ, ಬೆಚ್ಚಗಿನ ತೇವದ ಗಾಳಿ ತಿಂಗಳುಗಟ್ಟಲೆ ಇದ್ದರೆ ಸಾಕು. ಕೊಂಡಿ ಕಡಿದಾಗ ಹುಟ್ಟುವ ಆಮ್ಲ ಉಳಿದ ಕೊಂಡಿಗಳನ್ನೂ ಬೇಗ ಕಡಿಯುತ್ತದೆ, ಅದಕ್ಕೇ ಒಮ್ಮೆ ಶುರುವಾದರೆ ನಿಲ್ಲುವುದಿಲ್ಲ. ಪಾಲಿಈಥರ್ ಬಗೆಯ ಪಿಯು ಮತ್ತು ಸಿಲಿಕೋನ್ ಲೇಪ ಈ ತೇವಕ್ಕೆ ಬಹಳ ಹೆಚ್ಚು ಬಾಳುತ್ತವೆ. ಟ್ರೆಕ್ಕಿಂಗ್ ಶೂಗಳ ಅಟ್ಟೆಗೂ ಇದೇ ರೋಗ ಬರುತ್ತದೆ. ಕೀ ಗೊಂಪಾದಿಂದ (ಬೌದ್ಧ ಮಠ) ಕಿಬ್ಬರ್‌ಗೆ ನಡೆಯುವಾಗ ಮಂಗಳೂರು ಕಡೆಯವರೊಬ್ಬರ ಶೂ ಅಟ್ಟೆ ಪುಡಿಪುಡಿಯಾಗಿ ಕಳಚಿದ್ದನ್ನು ಕಂಡೆ. ಮೇಲೆ ಹೊಸದರಂತಿತ್ತು, ಎರಡು ವರ್ಷ ಪೆಟ್ಟಿಗೆಯಲ್ಲಿತ್ತಂತೆ. ಬಟ್ಟೆ ಒಣಹಾಕುವ ಹಗ್ಗದಿಂದ ಬಿಗಿದು ಕಟ್ಟಿಕೊಂಡು ಊರು ಸೇರಿದರು. ಕರಾವಳಿ, ಮಲೆನಾಡಿನವರು ಹೊರಡುವ ವಾರ ಮುಂಚೆ ಶೂ ಹಾಕಿ ಎರಡು ದಿನ ತೋಟ ಸುತ್ತಿ ನೋಡಿ, ಅಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ.

ಚೀಲದ ವಿಮರ್ಶೆಗಳೆಲ್ಲ ಬೆಟ್ಟದ ಮೇಲಿನ ಎರಡು ವಾರದ ಕತೆ ಹೇಳುತ್ತವೆ. ಉಳಿದ ದಿನವೆಲ್ಲ ಚೀಲ ಇರುವುದು ನಮ್ಮ ಮನೆಯ ಗೂಟದಲ್ಲಿ, ಗೋಡೆಯೇ ಬೆವರುವ ಆಷಾಢದಲ್ಲಿ. ನಮ್ಮಂಥವರ ಊರಿಗೆ ಮಾರುವ ಸಾಮಾನಿಗೆ ಆ ಪರೀಕ್ಷೆ ಆಗಬೇಕು. ಇದು ನನ್ನ ನಿಜವಾದ ಸಿಟ್ಟು.

ಆದರೂ ಎಸೆಯಲು ಮನಸ್ಸಾಗಲಿಲ್ಲ, ಆ ಜಿಪ್ ಮತ್ತು ಸೊಂಟದ ಪಟ್ಟಿಗೋಸ್ಕರ. ಉಗುರುಬೆಚ್ಚಗಿನ ನೀರಿಗೆ ಅಡುಗೆ ಸೋಡಾ, ಸ್ವಲ್ಪ ಸೋಪು ಹಾಕಿ, ಚೀಲವನ್ನು ಒಳಮಗ್ಗುಲಾಗಿ ತಿರುವಿ ಒಂದು ತಾಸು ನೆನೆಸಿದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ನೈಲಾನ್ ಬ್ರಷ್‌ನಿಂದ ಉಜ್ಜಿದರೆ ಲೇಪ ಸುರುಳಿ ಸುರುಳಿಯಾಗಿ ಬಿಟ್ಟುಬಂತು. ಹೊಲಿಗೆಯ ಸಂದಿಯಲ್ಲಿ ಉಳಿದದ್ದನ್ನು ಮೆಡಿಕಲ್ ಅಂಗಡಿಯ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ ತೆಗೆದೆ. ಬೆಳಗ್ಗೆ ಕೂತರೆ ಸಂಜೆಯಾಗುವ ಕೆಲಸ ಅದು. ವಾಸನೆ ಪೂರ್ತಿ ಹೋಯಿತು. ಚೀಲ ಈಗ ನೀರು ತಡೆಯುವುದಿಲ್ಲ, ಬಟ್ಟೆ ಮಾತ್ರ ಗಟ್ಟಿಯಾಗಿಯೇ ಇದೆ.

ನೀರಿಗೆ ಬೇರೆ ದಾರಿ ಸಿಕ್ಕಿತು. ಚಾಲಿ ಅಡಿಕೆಗೆ ಗೋಣಿಯೊಳಗೆ ಹಾಕುವ ದಪ್ಪ ಪ್ಲಾಸ್ಟಿಕ್ ಚೀಲ ಮನೆಯಲ್ಲೇ ಇತ್ತು. ಹೊಸದೊಂದನ್ನು ಚೀಲದ ಅಳತೆಗೆ ಕತ್ತರಿಸಿ, ಉಡುಪೆಲ್ಲ ಅದರೊಳಗಿಟ್ಟು, ಬಾಯಿ ಎರಡು ಸಲ ಮಡಚಿ ಒಳಗೆ ಸೇರಿಸಿದೆ. ಕಳೆದ ಮೇ ತಿಂಗಳಲ್ಲಿ ರಾಮಪುರದ ಬಸ್ ನಿಲ್ದಾಣದಲ್ಲಿ ಜೋರು ಮಳೆ ಬಂದು ಚೀಲದ ಹೊರಮೈ ತೊಯ್ದು ತೊಪ್ಪೆಯಾಯಿತು, ಒಳಗಿನ ಒಂದು ಕಾಲುಚೀಲಕ್ಕೂ ತೇವ ತಾಗಿರಲಿಲ್ಲ. ಕಾಜಾದಲ್ಲಿ ಬಿಚ್ಚಿದಾಗ ದೂಳೂ ಇರಲಿಲ್ಲ. ಕಂಪನಿಯ ಲೇಪ ಸರಿಯಿದ್ದಾಗಲೂ ಇಷ್ಟು ಒಳ್ಳೆಯ ರಕ್ಷಣೆ ಸಿಕ್ಕಿರಲಿಲ್ಲ. ಮುಂಭಾಗದಿಂದ ತೆರೆಯುವ ಸುಖ ಸ್ವಲ್ಪ ಕಡಿಮೆಯಾಯಿತು, ಈಗ ಜಿಪ್ ಇಳಿಸಿದ ಮೇಲೆ ಪ್ಲಾಸ್ಟಿಕ್ಕಿನ ಬಾಯಿಯನ್ನೂ ಬಿಡಿಸಬೇಕು.

ಜೂನ್ ಬಂತೆಂದರೆ ಚೀಲ, ಶೂ, ರೈನ್ ಜಾಕೆಟ್ ಮೂರೂ ಗಾಳಿಯಾಡದ ಮುಚ್ಚಳದ ಡ್ರಮ್ಮಿಗೆ ಹೋಗುತ್ತವೆ, ಜೊತೆಗೆ ಕಾಲು ಕಿಲೋ ಸಿಲಿಕಾ ಜೆಲ್. ಬಣ್ಣ ಬದಲಾಗುವ ಹರಳು ತಂದರೆ ತೇವ ಹೀರಿ ತುಂಬಿದ್ದು ಕಣ್ಣಿಗೆ ಕಾಣುತ್ತದೆ, ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಒಣಗಿಸಿ ಮತ್ತೆ ಹಾಕಬಹುದು. ಆ ಬಾಣಲೆ ಅಡುಗೆಗೆ ಬಳಸಬೇಡಿ.

ಬಳ್ಳಾರಿ, ವಿಜಯಪುರ, ಕಲಬುರಗಿಯಂಥ ಒಣ ಹವೆಯ ಊರಿನವರು ಇಂಥ ಚೀಲವನ್ನು ಧೈರ್ಯವಾಗಿ ಕೊಳ್ಳಬಹುದು, ಈ ಬೆಲೆಗೆ ಇಷ್ಟು ಒಳ್ಳೆಯ ಹೊಲಿಗೆ ಅಪರೂಪ. ಶಿರಸಿ, ಸಾಗರ, ಉಡುಪಿ, ಮಡಿಕೇರಿಯವರಾದರೆ ಅಂಗಡಿಯಲ್ಲಿ ಬಣ್ಣ ನೋಡುವ ಮೊದಲು ಒಳಮೈ ಮುಟ್ಟಿ, ಲೇಪ ಯಾವುದೆಂದು ಕೇಳಿ, ಬರೀ ಪಿಯು ಎಂದರೆ ಯಾವ ಬಗೆಯದೆಂದೂ ಕೇಳಿ. ಗೊತ್ತಿಲ್ಲವೆಂದರೆ ಡ್ರಮ್ಮಿನ ಖರ್ಚನ್ನೂ ಚೀಲದ ಬೆಲೆಗೆ ಸೇರಿಸಿಕೊಂಡು ಲೆಕ್ಕ ಹಾಕಿ. ನನ್ನ ಕಡೆಯಿಂದ ಐದಕ್ಕೆ ಮೂರು. ಒಳಗಿನ ಚೀಟಿಯಲ್ಲಿ ತೇವದ ಬಗ್ಗೆ ಒಂದು ಸಾಲು ಅಚ್ಚು ಹಾಕಿಸಿದ್ದರೂ ನಾಲ್ಕು ಕೊಡುತ್ತಿದ್ದೆ.

ಸಿಲಿಕೋನ್ ಲೇಪದ ಚೀಲಕ್ಕೆ ಇದರ ಎರಡರಷ್ಟು ಬೆಲೆ ಹೇಳುತ್ತಾರೆ, ಅಡಿಕೆ ದರ ನೋಡಿಕೊಂಡು ಯೋಚಿಸಬೇಕು. ಬರುವ ಮೇ ತಿಂಗಳಿಗೆ ಪಿನ್ ಕಣಿವೆಯ ಮುದ್ ಹಳ್ಳಿಯ ತನಕ ಹೋಗುವುದೆಂದು ಆಗಿದೆ, ಇದೇ ಚೀಲದಲ್ಲಿ. ಸೊಂಟದ ಪಟ್ಟಿಯ ಬಕಲ್ ಒಂದನ್ನು ಹೆಚ್ಚುವರಿಯಾಗಿ ತರಿಸಿಟ್ಟುಕೊಂಡಿದ್ದೇನೆ, ಅದಕ್ಕೆ ಅರವತ್ತು ರೂಪಾಯಿ.