ಕೀಲಿ ಒಳಗೆ, ನಾನು ಹೊರಗೆ: ಬಾಗಿಲು ತೆರೆಸಿದ ಉಪಾಯಗಳ ಹೋಲಿಕೆ

ಕಾರಿನ ಕೀಲಿಯನ್ನು ಒಳಗೇ ಬಿಟ್ಟು ಬಾಗಿಲು ಹಾಕುವ ಕಲೆ ನನಗೆ ಚೆನ್ನಾಗಿ ಕರಗತವಾಗಿದೆ. ಸ್ವಂತದ ಮೂರು ಕಾರುಗಳಲ್ಲಿ ಆರು ಬಾರಿ, ಭಾವನಿಂದ ಎರವಲು ತಂದ ಕಾರಿನಲ್ಲಿ ಒಂದು ಬಾರಿ. ಗಾಜಿಗೆ ಹಣೆ ಹಚ್ಚಿ ನೋಡಿದರೆ ಕೀಲಿಗೊಂಚಲು ಒಳಗೆ ತಣ್ಣಗೆ ನೇತಾಡುತ್ತಿರುತ್ತದೆ. ಇಷ್ಟು ಸಲ ಹೊರಗೆ ನಿಂತದ್ದರಿಂದ ಒಂದು ಲಾಭವಂತೂ ಆಗಿದೆ: ಬಾಗಿಲು ತೆರೆಯುವ ಬಹುತೇಕ ಎಲ್ಲ ಉಪಾಯಗಳನ್ನೂ ನನ್ನದೇ ಖರ್ಚಿನಲ್ಲಿ ನೋಡಿದ್ದೇನೆ. ಯಾವುದು ಮೇಲು ಎಂದು ಯಾರಾದರೂ ಕೇಳಿದರೆ, ನಿಮ್ಮ ಕಾರಿನ ಬೀಗ ಯಾವ ಕಾಲದ್ದು ಎಂದು ಮೊದಲು ತಿರುಗಿ ಕೇಳುತ್ತೇನೆ.

ಮೊದಲ ಕಾರು ಹಳೆಯದು. ಕಿಟಕಿಯ ಅಂಚಿನಲ್ಲಿ ಮೇಲಕ್ಕೆ ಎದ್ದು ನಿಲ್ಲುವ ಗುಬುಟು. ಅದನ್ನು ಒತ್ತಿ ಬಾಗಿಲು ದೂಡಿದರೆ ಬೀಗ ಬಿತ್ತು. ಕರೆಸಿದ ಮೆಕ್ಯಾನಿಕ್ ಒಂದು ಮೊಳದ ಉಕ್ಕಿನ ಸ್ಕೇಲ್ ತಂದ. ಅದರ ತುದಿಯಲ್ಲಿ ಕೊಕ್ಕೆಯಂಥ ಕಚ್ಚು. ಗಾಜಿಗೂ ರಬ್ಬರ್ ಪಟ್ಟಿಗೂ ನಡುವೆ ಅದನ್ನು ಇಳಿಸಿ, ಬಾಗಿಲಿನ ಹೊಟ್ಟೆಯಲ್ಲಿರುವ ಬೀಗದ ಕಡ್ಡಿಯನ್ನು ತಡಕಾಡಿ ಎಳೆಯಬೇಕು. ಆತ ಕಣ್ಣು ಮುಚ್ಚಿಕೊಂಡು ಎಳೆಯುತ್ತಿದ್ದ, ನಾಡಿ ಹಿಡಿದ ವೈದ್ಯನ ಹಾಗೆ. ಹತ್ತು ನಿಮಿಷದಲ್ಲಿ ಗುಬುಟು ಟಕ್ಕೆಂದು ಮೇಲೆದ್ದಿತು. ಬಾಗಿಲು ತೆರೆಯಿತು, ನಿಜ. ಆದರೆ ಎಳೆದಾಟದಲ್ಲಿ ಒಳಗಿನ ಇನ್ನೊಂದು ಕಡ್ಡಿ ಅದರ ಕ್ಲಿಪ್‌ನಿಂದ ಕಳಚಿಕೊಂಡಿತ್ತು. ಆ ಬಾಗಿಲಿನ ಒಳಹ್ಯಾಂಡಲ್ ಅಂದಿನಿಂದ ಸತ್ತಿತು. ಮೊದಲ ಮಳೆಗೆ ಹರಿದ ರಬ್ಬರ್ ಪಟ್ಟಿಯಿಂದ ನೀರೂ ಇಳಿಯಿತು.

ಅದೇ ಕಾರಿನಲ್ಲಿ ಎರಡನೆಯ ಸಲ ನಾನೇ ಪ್ರಯತ್ನಿಸಿದೆ. ದೊಡ್ಡ ಪೆಟ್ಟಿಗೆಗಳಿಗೆ ಬಿಗಿಯುವ ಪ್ಲಾಸ್ಟಿಕ್ ಪಟ್ಟಿಯನ್ನು ನಡುವೆ ಮಡಿಸಿ, ಬಾಗಿಲಿನ ಮೇಲಿನ ಮೂಲೆಯಿಂದ ಒಳಗೆ ತೂರಿಸಿ, ಮಡಿಕೆಯ ಕುಣಿಕೆಯನ್ನು ಗುಬುಟಿನ ತಲೆಗೆ ಹಾಕಿ ಎಳೆಯುವ ಉಪಾಯ. ಹದಿನೈದು ನಿಮಿಷ ಹಿಡಿಯಿತು, ಎರಡು ಸಲ ಕುಣಿಕೆ ಜಾರಿತು, ಮೂರನೆಯದಕ್ಕೆ ಬಿದ್ದಿತು. ಬಾಗಿಲಿಗೆ ಗೀರೂ ಇಲ್ಲ, ಕೈಯಿಂದ ಕಾಸೂ ಹೋಗಲಿಲ್ಲ. ಸ್ಕೇಲನ್ನೂ ಪಟ್ಟಿಯನ್ನೂ ಪಕ್ಕಪಕ್ಕದಲ್ಲಿಟ್ಟರೆ ನನ್ನ ಮತ ಪಟ್ಟಿಗೇ. ಒಂದೇ ತೊಡಕು: ಗುಬುಟಿಗೆ ಅಣಬೆಯಂತೆ ಅಗಲವಾದ ತಲೆ ಇರಬೇಕು. ನಂತರದ ಕಾರುಗಳಲ್ಲಿ ಗುಬುಟು ನುಣುಪಾದ ಕಡ್ಡಿಯಾಯಿತು, ಆಮೇಲೆ ಮಾಯವೇ ಆಯಿತು. ಸ್ಕೇಲಿನ ಕಾಲವೂ ಮುಗಿಯಿತು. ಈಗ ಅನೇಕ ಕಾರುಗಳಲ್ಲಿ ಕಡ್ಡಿಯ ಬದಲು ಹೊದಿಕೆಯೊಳಗೆ ಓಡುವ ಕೇಬಲ್ ಇರುತ್ತದೆ, ಬಾಗಿಲಿನ ಒಡಲಲ್ಲಿ ವಿದ್ಯುತ್ ತಂತಿಗಳಿರುತ್ತವೆ, ಕೆಲವು ಮಾದರಿಗಳಲ್ಲಿ ಪಕ್ಕದ ಏರ್‌ಬ್ಯಾಗ್‌ಗೆ ಸುಳಿವು ಕೊಡುವ ಸೆನ್ಸರ್ ಕೂಡ ಅಲ್ಲೇ. ಅಂಥ ಬಾಗಿಲಿಗೆ ಸ್ಕೇಲ್ ಇಳಿಸುತ್ತೇನೆ ಎನ್ನುವವನನ್ನು ದೂರದಿಂದಲೇ ನಮಸ್ಕರಿಸಿ ಕಳುಹಿಸಿಬಿಡಿ.

ಎರಡನೆಯ ಕಾರಿನ ಹೊತ್ತಿಗೆ, ಬಾಗಿಲಿನ ಸಂದಿ ಹಿಗ್ಗಿಸುವ ಗಾಳಿಚೀಲ ಬಂದಿತ್ತು. ವಿಮೆಯ ಜೊತೆ ಸಿಕ್ಕಿದ್ದ ರಸ್ತೆಬದಿ ನೆರವಿಗೆ ಫೋನ್ ಮಾಡಿದೆ. ಬಂದ ಹುಡುಗನ ಕೈಯಲ್ಲಿ ಅಂಗೈ ಅಗಲದ ಚಪ್ಪಟೆ ಚೀಲ, ಅದಕ್ಕೆ ರಕ್ತದೊತ್ತಡ ನೋಡುವ ಉಪಕರಣದಂಥ ರಬ್ಬರ್ ಉಂಡೆ. ಮೊದಲು ಒಂದು ಪ್ಲಾಸ್ಟಿಕ್ ಬೆಣೆಯಿಂದ ಬಾಗಿಲಿನ ಮೇಲಂಚನ್ನು ಕೂದಲೆಳೆಯಷ್ಟು ಸರಿಸಿ, ಚೀಲವನ್ನು ತೂರಿಸಿ, ಉಂಡೆಯನ್ನು ಮೆಲ್ಲಗೆ ಹಿಸುಕತೊಡಗಿದ. ಬಾಗಿಲಿನ ಚೌಕಟ್ಟು ಕಿರುಗುಟ್ಟುತ್ತಾ ಹೊರಗೆ ಬಾಗುವುದನ್ನು ನೋಡುವಾಗ ನನ್ನ ಹಲ್ಲುಗಳೇ ಕಿರುಗುಟ್ಟಿದವು. ಬೆರಳು ಹೋಗುವಷ್ಟು ಸಂದಿಯಾದ ಮೇಲೆ, ತುದಿಗೆ ರಬ್ಬರ್ ಹಾಕಿದ ಉದ್ದನೆಯ ಕಂಬಿಯನ್ನು ಒಳಗೆ ಬಿಟ್ಟ. ಕಂಬಿಯ ತುದಿ ಎದುರು ಬಾಗಿಲಿನ ಅನ್‌ಲಾಕ್ ಗುಂಡಿಯ ಸುತ್ತ ನೊಣದ ಹಾಗೆ ಸುಳಿಯಿತು; ಕೂತಿತು, ಜಾರಿತು, ಪಕ್ಕದ ಗಾಜಿನ ಗುಂಡಿಯ ಮೇಲೆ ಕೂತಿತು, ಮತ್ತೆ ಜಾರಿತು. ನಾನು ಇನ್ನೊಂದು ಬದಿಯ ಕಿಟಕಿಯಿಂದ ಇಣುಕುತ್ತಾ "ಇನ್ನು ಸ್ವಲ್ಪ ಎಡಕ್ಕೆ, ಅಲ್ಲಲ್ಲ, ನಿನ್ನ ಎಡಕ್ಕೆ" ಎಂದು ಉಪದೇಶ ಮಾಡುತ್ತಿದ್ದೆ. "ಸ್ವಾಮಿ, ನೀವು ಸುಮ್ಮನಿದ್ದರೆ ಬೇಗ ಆಗುತ್ತದೆ" ಎಂದ. ಸುಮ್ಮನಾದೆ. ಎರಡು ನಿಮಿಷದಲ್ಲಿ ನಾಲ್ಕೂ ಬೀಗಗಳು ಒಟ್ಟಿಗೆ ತೆರೆದವು.

ಕೆಲಸಕ್ಕೆ ಹಿಡಿದದ್ದು ಇಪ್ಪತ್ತು ನಿಮಿಷ, ಅವನಿಗಾಗಿ ಕಾದದ್ದು ಎರಡು ಗಂಟೆ. ಬಾಗಿಲು ತನ್ನ ಆಕಾರಕ್ಕೆ ಮರಳಿತು, ಗಾಳಿಯ ಸದ್ದೂ ಬರಲಿಲ್ಲ. ಅವಸರದ ಕೈಗೆ ಸಿಕ್ಕಿದ್ದರೆ ಚೌಕಟ್ಟು ಬಾಗಿಯೇ ಉಳಿಯುತ್ತಿತ್ತು ಎಂಬುದೂ ಅಲ್ಲೇ ಅರ್ಥವಾಯಿತು. ಉಂಡೆಯನ್ನು ಎಲ್ಲಿಗೆ ನಿಲ್ಲಿಸಬೇಕು ಎಂಬ ಅಂದಾಜಿನಲ್ಲೇ ಇಡೀ ವಿದ್ಯೆ ಇದೆ.

ಗಾಳಿಚೀಲವೇ ಸರ್ವರೋಗಕ್ಕೆ ಮದ್ದು ಎಂದು ನಾನು ನಂಬಿದ್ದು ಭಾವನ ಕಾರಿನವರೆಗೆ ಮಾತ್ರ. ರಿಮೋಟ್‌ನಿಂದ ಬಾಗಿಲು ಹಾಕಿ, ಡಿಕ್ಕಿಯನ್ನಷ್ಟೇ ತೆರೆದು, ಸಾಮಾನು ಇಡುವಾಗ ಕೀಲಿಯನ್ನೂ ಅಲ್ಲೇ ಇಟ್ಟು ಮುಚ್ಚಿದ್ದೆ. ಗಾಳಿಚೀಲದವನು ಬಂದ, ಸಂದಿ ಮಾಡಿದ, ಕಂಬಿ ಬಿಟ್ಟ, ಗುಂಡಿ ಒತ್ತಿದ. ಏನೂ ಆಗಲಿಲ್ಲ. ಒಳಹ್ಯಾಂಡಲ್ ಎಳೆದ, ಅದಕ್ಕೂ ಜಪ್ಪಯ್ಯ ಎನ್ನಲಿಲ್ಲ. ಅದು ಇಮ್ಮಡಿ ಬೀಗದ ಕಾರು. ಹೊರಗಿನಿಂದ ರಿಮೋಟ್‌ನಲ್ಲಿ ಹಾಕಿದರೆ ಒಳಗಿನ ಗುಂಡಿ, ಹ್ಯಾಂಡಲ್ ಎಲ್ಲವೂ ನಿಷ್ಕ್ರಿಯ. ಗಾಜು ಒಡೆದ ಕಳ್ಳ ಒಳಗೆ ಕೈ ಹಾಕಿ ಬಾಗಿಲು ತೆರೆಯಬಾರದು ಎಂದು ಮಾಡಿದ ಏರ್ಪಾಡು, ಕಳ್ಳನಿಗಿಂತ ಮೊದಲು ನನ್ನನ್ನು ಹಿಡಿಯಿತು.

ಕೊನೆಗೆ ಬಂದವರು ಬೀಗದ ಕೆಲಸದ ಹಿರಿಯರೊಬ್ಬರು. ಮೊದಲು ಕೇಳಿದ್ದು ಕಾರಿನ ದಾಖಲೆ. ಅದು ಎಲ್ಲಿರಬೇಕೋ ಅಲ್ಲೇ ಇತ್ತು, ಕಾರಿನ ಒಳಗೆ. ಭಾವನಿಂದ ಮೊಬೈಲ್‌ಗೆ ಚಿತ್ರ ತರಿಸಿ, ನನ್ನ ಗುರುತಿನ ಚೀಟಿ ತೋರಿಸಿದ ಮೇಲೆಯೇ ಚೀಲ ಬಿಚ್ಚಿದರು. ಅಷ್ಟು ಕೇಳದವರಿಂದ ಕೆಲಸ ಮಾಡಿಸಲು ನನಗೂ ಈಗ ಧೈರ್ಯವಿಲ್ಲ. ಚಾಲಕನ ಬಾಗಿಲಿನ ಕೀಲಿರಂಧ್ರಕ್ಕೆ ಒಂದು ಸಣ್ಣ ಉಪಕರಣ ತೂರಿಸಿ, ಒಳಗಿನ ಹಿತ್ತಾಳೆಯ ಬಿಲ್ಲೆಗಳನ್ನು ಒಂದೊಂದಾಗಿ ಮುಟ್ಟಿ ಕೂರಿಸಿ, ಕೊನೆಗೆ ಕೀಲಿ ತಿರುಗಿಸಿದಂತೆಯೇ ತಿರುಗಿಸಿದರು. ಬೀಗಕ್ಕೆ ವ್ಯತ್ಯಾಸವೇ ತಿಳಿಯಲಿಲ್ಲ. ಅಲಾರಂಗೆ ಮಾತ್ರ ತಿಳಿಯಿತು: ಬಾಗಿಲು ತೆರೆದದ್ದೇ ತಡ, ಬೀದಿಯೆಲ್ಲ ಕೇಳುವಂತೆ ಅರಚತೊಡಗಿತು. ಹಿಂದಿನ ಸೀಟು ಮಡಚಿ, ಡಿಕ್ಕಿಯೊಳಗೆ ಅರ್ಧ ಮೈ ತೂರಿಸಿ ಕೀಲಿ ಹುಡುಕುವ ನನ್ನ ಕಾಲುಗಳು ಹೊರಗೆ ಕಾಣುತ್ತಿದ್ದ ದೃಶ್ಯವನ್ನು ಯಾರೋ ಚಿತ್ರ ತೆಗೆದರು ಎಂದು ಅನುಮಾನ.

ಗಾಳಿಚೀಲಕ್ಕಿಂತ ಇದಕ್ಕೆ ಹೆಚ್ಚು ಹಣ ತೆತ್ತೆ, ಬೇಸರವಿಲ್ಲ. ಬಾಗಿಲನ್ನು ಬಾಗಿಸದೆ, ಬೀಗ ತೆರೆಯಬೇಕಾದ ದಾರಿಯಲ್ಲೇ ತೆರೆದದ್ದು ಇದೊಂದೇ.

ಈಗಿನ ಕಾರಿಗೆ ಗುಂಡಿ ಒತ್ತಿ ಚಾಲೂ ಮಾಡುವ ಕೀಲಿ. ಕೀಲಿ ಒಳಗಿದ್ದರೆ ತಾನೇ ಗುರುತಿಸಿ ಕೂಗುತ್ತದೆ, ಬೀಗ ಹಾಕಿಕೊಳ್ಳುವುದಿಲ್ಲ ಎಂದಿದ್ದರು. ಆ ಕೀಲಿಯನ್ನು ನಾನು ಡಿಕ್ಕಿಯಲ್ಲಿದ್ದ ಉಕ್ಕಿನ ಉಪಕರಣಪೆಟ್ಟಿಗೆಯೊಳಗೆ ಬೀಳಿಸಿ ಮುಚ್ಚಳ ಹಾಕುತ್ತೇನೆಂದು ಅವರಾದರೂ ಹೇಗೆ ಊಹಿಸಬೇಕು? ಲೋಹದ ಗೋಡೆಯಾಚೆಗಿನ ಕೀಲಿ ಕಾರಿಗೆ ಕಾಣಲಿಲ್ಲ. ಮೊಬೈಲ್ ಕೈಯಲ್ಲಿತ್ತು, ಕಂಪನಿಯ ಆ್ಯಪ್ ತೆರೆದು, ಸಂಖ್ಯೆ ಒತ್ತಿದೆ. ಅರ್ಧ ನಿಮಿಷ ಮೌನ, ಆಮೇಲೆ ಬೀಗ ತೆರೆದ ಸದ್ದು. ಈವರೆಗಿನ ಉಪಾಯಗಳಲ್ಲಿ ಇದಕ್ಕೆ ಸಮವಾದದ್ದಿಲ್ಲ ಎಂದು ಮನೆಯಲ್ಲೆಲ್ಲ ಹೇಳಿಕೊಂಡು ತಿರುಗಿದೆ.

ಎರಡನೆಯ ಬಾರಿ ಕಾರು ನೆಲಮಾಳಿಗೆಯಲ್ಲಿತ್ತು. ಆ್ಯಪ್ ಕಳಿಸುವ ಆದೇಶ ಕಾರಿನೊಳಗಿನ ಸಿಮ್‌ಗೆ ತಲುಪಬೇಕು. ಅಲ್ಲಿ ನೆಟ್‌ವರ್ಕ್ ಇಲ್ಲ. ನಾನೇನೋ ಮೆಟ್ಟಿಲು ಹತ್ತಿ ಸಿಗ್ನಲ್ ಹಿಡಿಯಬಹುದು, ಕಾರು ಮೇಲೆ ಬರಬೇಕಲ್ಲ! ಮನೆಯಿಂದ ಎರಡನೆಯ ಕೀಲಿ ತರಿಸಿದೆ. ಒಂದೂವರೆ ಗಂಟೆ. ನಿಧಾನ, ಆದರೆ ಖಚಿತ; ಆ್ಯಪ್ ಚುರುಕು, ಆದರೆ ಮೋಡದ ಮಳೆಯಂತೆ, ಬಂದರೆ ಬಂತು. ಮೊಬೈಲೂ ಕೀಲಿಯ ಜೊತೆಗೇ ಒಳಗುಳಿದರಂತೂ ಅದು ಇದ್ದೂ ಇಲ್ಲದಂತೆ.

ಕಾಯುವ ಆ ಹೊತ್ತಿನಲ್ಲಿ ಸುತ್ತ ಸೇರಿದವರ ಸಲಹೆಗಳನ್ನೂ ನೋಡಿಬಿಟ್ಟೆ. ತೂತು ಕೊರೆದ ಟೆನಿಸ್ ಚೆಂಡನ್ನು ಬೀಗದ ಮೇಲಿಟ್ಟು ಗುದ್ದುವುದು: ಬೀಗ ಅಲ್ಲಾಡಲಿಲ್ಲ, ಅಂಗೈ ಕೆಂಪಾಯಿತು. ಮನೆಯಲ್ಲಿರುವ ರಿಮೋಟನ್ನು ಅಲ್ಲಿನ ಫೋನಿನ ಬಳಿ ಒತ್ತಿಸಿ, ಇಲ್ಲಿನ ಫೋನನ್ನು ಕಾರಿಗೆ ಹಿಡಿಯುವುದು: ರಿಮೋಟ್ ಮಾತನಾಡುವುದು ರೇಡಿಯೋ ಅಲೆಗಳಲ್ಲಿ, ಸಾಮಾನ್ಯವಾಗಿ 315 ಅಥವಾ 433.92 ಮೆಗಾಹರ್ಟ್ಸ್‌ನಲ್ಲಿ, ಫೋನ್ ಸಾಗಿಸುವುದು ಧ್ವನಿಯನ್ನು. ಆಗುವ ಮಾತೇ ಅಲ್ಲ.

"ಹಿಂದಿನ ಸಣ್ಣ ತ್ರಿಕೋನದ ಗಾಜು ಒಡೆದುಬಿಡಿ, ಅಗ್ಗ" ಎಂದವರೂ ಇದ್ದರು. ಒಡೆದು ನೋಡಿಲ್ಲ. ಆದರೆ ಮುಂಚೆ ಒಮ್ಮೆ ವಿಚಾರಿಸಿದ್ದೆ: ನನ್ನ ಕಾರಿಗೆ ಆ ಸಣ್ಣ ಗಾಜೇ ಬಾಗಿಲಿನ ದೊಡ್ಡ ಗಾಜಿಗಿಂತ ದುಬಾರಿ, ಕೂರಿಸುವ ಕೆಲಸವೂ ಹೆಚ್ಚು. ಒಳಗೆ ಮಗು ಸಿಕ್ಕಿಕೊಂಡಿದ್ದರೆ ಮಾತ್ರ ಈ ಹೋಲಿಕೆಯನ್ನೆಲ್ಲ ಪಕ್ಕಕ್ಕಿಡಿ. ಬಿಸಿಲಿನಲ್ಲಿ ಮುಚ್ಚಿದ ಕಾರಿನೊಳಗೆ ಹತ್ತೇ ನಿಮಿಷಕ್ಕೆ ಉಷ್ಣಾಂಶ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರಬಲ್ಲದು. ತುರ್ತು ಸೇವೆಗೆ ಕರೆ ಮಾಡಿಸುತ್ತಲೇ, ಮಗುವಿನಿಂದ ದೂರವಿರುವ ಪಕ್ಕದ ಗಾಜಿನ ಮೂಲೆಗೆ ಚೂಪಾದ ಗಟ್ಟಿ ವಸ್ತುವಿನಿಂದ ಹೊಡೆಯಬೇಕು. ನಡುಮಧ್ಯಕ್ಕೆ ಹೊಡೆದರೆ ಪೆಟ್ಟು ವ್ಯರ್ಥವಾಗುವುದೇ ಹೆಚ್ಚು. ಮುಂದಿನ ದೊಡ್ಡ ಗಾಜಿನ ತಂಟೆಗೆ ಹೋಗಬೇಡಿ, ಪದರಗಳಿಂದ ಅಂಟಿಸಿದ ಅದು ಬಿರುಕು ಬಿಟ್ಟರೂ ದಾರಿ ಬಿಡುವುದಿಲ್ಲ.

ನನ್ನ ಮಟ್ಟಿಗೆ ಗೆದ್ದದ್ದು ಇವುಗಳಲ್ಲಿ ಯಾವುದೂ ಅಲ್ಲ, ಒಂದು ತುಂಡು ಲೋಹ. ಈ ಹೊಸ ಕೀಲಿಗಳ ಹೊಟ್ಟೆಯಲ್ಲಿ, ಒಳಗಿನ ಸೆಲ್ ಮುಗಿದಾಗ ಬಳಸಲೆಂದು, ಒಂದು ಸಾದಾ ಕೀಲಿ ಅಡಗಿರುತ್ತದೆ. ಚಾಲಕನ ಹ್ಯಾಂಡಲ್ ಪಕ್ಕದ ಮುಚ್ಚಳ ತೆಗೆದರೆ ಅದಕ್ಕೆ ರಂಧ್ರವೂ ಇದೆ. ಇದರ ನಕಲನ್ನು ಕತ್ತರಿಸಿ ಕೊಡುವಂತೆ ಅದೇ ಹಿರಿಯರನ್ನು ಕೇಳಿದೆ. ಚಿಪ್ ಇಲ್ಲದ್ದರಿಂದ ಇದು ಎಂಜಿನ್ ಚಾಲೂ ಮಾಡದು, ಬಾಗಿಲು ಮಾತ್ರ ತೆರೆಯುತ್ತದೆ. ನನಗೆ ಬೇಕಾದದ್ದೂ ಅಷ್ಟೇ. ಪೂರ್ತಿ ಕೀಲಿಯ ನಕಲಿಗೆ ಹೋಲಿಸಿದರೆ ಇದರ ಖರ್ಚು ಖರ್ಚೇ ಅಲ್ಲ. ತೆಳ್ಳಗಿರುವುದರಿಂದ ಪರ್ಸಿನ ಒಳಜೇಬಿನಲ್ಲಿ ಇರುವುದೇ ತಿಳಿಯುವುದಿಲ್ಲ.

ಮೊನ್ನೆ ಮತ್ತೆ ಅದೇ ಡಿಕ್ಕಿ, ಅದೇ ಉಕ್ಕಿನ ಪೆಟ್ಟಿಗೆ. ಪರ್ಸ್ ತೆಗೆದೆ, ಮುಚ್ಚಳ ಕಿತ್ತೆ, ತಿರುಗಿಸಿದೆ. ಅಲಾರಂ ಕೂಗಿತು, ಕೂಗಲಿ. ಎರಡು ನಿಮಿಷವೂ ಆಗಲಿಲ್ಲ. ಮನೆಗೆ ಬಂದು ಹೆಮ್ಮೆಯಿಂದ ಹೇಳಿದರೆ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: "ನಾಳೆ ಪರ್ಸನ್ನೂ ಒಳಗೇ ಬಿಟ್ಟರೆ ಏನು ಮಾಡುತ್ತೀರಿ?"

ಮರುದಿನವೇ ಇನ್ನೊಂದು ನಕಲು ಮಾಡಿಸಿ ಅವಳ ಕೈಚೀಲದಲ್ಲಿ ಇಟ್ಟೆ. ಅವಳು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಕೀಲಿಯನ್ನು ಒಳಗೆ ಬಿಟ್ಟವಳಲ್ಲ.